ಅರಿಶಿನ ದಾರ ಕಟ್ಟಿದ ತಂತಿ

ನಾನು ಓದಿದ್ದು ನಾಲ್ಕನೇ ಕ್ಲಾಸು. ಅದೂ ಪಾಸೋ ಫೇಲೋ ಗೊತ್ತಿಲ್ಲ, ಕೇಳಿಕೊಂಡು ಬರಲು ಮನೆಯಿಂದ ಯಾರೂ ಹೋಗಲಿಲ್ಲ. ಆದರೂ ಸತ್ಯಮಂಗಲದ ಒಂದು ಶೆಡ್ಡಿನಲ್ಲಿ ಹದಿನೇಳು ವರ್ಷದಿಂದ ಕರೆಂಟಿನ ಪ್ಯಾನೆಲ್ಲಿಗೆ ತಂತಿ ಹಾಕುತ್ತಿದ್ದೇನೆ. ಅಜ್ಜಿಗೆ ಕರೆಂಟಿನ ವಿಷಯ ಏನು ಗೊತ್ತು ಎಂದು ಮೊಮ್ಮಕ್ಕಳು ನಗುತ್ತಾರೆ. ಕರೆಂಟಿನ ವಿಷಯ ಗೊತ್ತಿಲ್ಲ, ನಿಜ. ತಂತಿಯ ವಿಷಯ ಗೊತ್ತು.

ಮೊದಲು ಶೆಟ್ಟಿಹಳ್ಳಿಯ ಮನೆಯಲ್ಲೇ ಕೂತು ಊದಿನಕಡ್ಡಿ ಹೊಸೆಯುತ್ತಿದ್ದೆ. ಶೆಡ್ಡಿನ ಓನರ ಹೆಂಡತಿ ನಮ್ಮ ಬೀದಿಯವಳು. ನನ್ನ ಬೆರಳು ಓಡುವುದನ್ನು ನೋಡಿ, "ಅಮ್ಮ, ಈ ಮಸಿ ಕೆಲಸ ಬಿಟ್ಟು ನಮ್ಮ ಕಡೆ ಬನ್ನಿ" ಎಂದಳು. ಹೋದೆ. ತಂತಿಯ ತುದಿ ಸುಲಿಯುವುದು, ಅದಕ್ಕೆ ಸಣ್ಣ ತಾಮ್ರದ ಟೋಪಿ ತೊಡಿಸಿ ಇಕ್ಕಳದಲ್ಲಿ ಒತ್ತುವುದು, ನಂಬರಿನ ಉಂಗುರ ಹಾಕುವುದು, ಅದೇ ನಂಬರಿನ ತಿರುಪಿಗೆ ಬಿಗಿಯುವುದು. ನಂಬರು ನನಗೆ ಓದಲು ಬರುತ್ತದೆ. ಇಂಗ್ಲಿಷ್ ಅಕ್ಷರಗಳನ್ನು ಮುಖ ನೋಡಿ ಗುರುತು ಹಿಡಿಯುತ್ತೇನೆ, ನೆಂಟರನ್ನು ಗುರುತು ಹಿಡಿಯುವ ಹಾಗೆ.

ಪ್ಯಾನೆಲ್ ಎಂದರೆ ಬೀರುವಿನಂಥ ಕಬ್ಬಿಣದ ಪೆಟ್ಟಿಗೆ. ಒಳಗಿರುವ ಡ್ರೈವ್ ಎಂಬುದು ದೊಡ್ಡ ಮೋಟಾರಿನ ವೇಗ ಏರಿಸುತ್ತದೆ, ಇಳಿಸುತ್ತದೆ. ಜೋರಾಗಿ ಸುತ್ತುವ ಮೋಟಾರನ್ನು ಬೇಗ ನಿಲ್ಲಿಸಬೇಕಾದರೆ ಬ್ರೇಕು ಬೇಕು. ಆ ಬ್ರೇಕು ಸೈಕಲ್ಲಿನ ಬ್ರೇಕಿನಂತೆ ಗಾಲಿ ಹಿಡಿಯುವುದಿಲ್ಲ. ನಿಲ್ಲಲೊಲ್ಲದ ಮೋಟಾರು ಕರೆಂಟನ್ನು ವಾಪಸು ತಳ್ಳುತ್ತದೆ. ಪ್ಯಾನೆಲ್ಲಿನ ನೆತ್ತಿಯ ಮೇಲೆ ಕೂತ ಒಂದು ಜಾಲರಿ ಡಬ್ಬಿ ಅದನ್ನು ಕುಡಿದು, ಬಿಸಿಯಾಗಿ, ಆ ಬಿಸಿಯನ್ನು ಗಾಳಿಗೆ ಬಿಡುತ್ತದೆ. ನಾವು ಅದನ್ನು ಬ್ರೇಕ್ ಡಬ್ಬಿ ಎನ್ನುತ್ತೇವೆ.

ಬಿಸಿಯಾಗುವುದು ಅದರ ಕೆಲಸ. ಮಿತಿ ಮೀರಿ ಬಿಸಿಯಾದರೆ ಕೆಟ್ಟಿತು. ಅದಕ್ಕೇ ಡಬ್ಬಿಯೊಳಗೆ ಒಂದು ಪುಟ್ಟ ಸ್ವಿಚ್ಚು ಇರುತ್ತದೆ, ಶಾಖ ಹೆಚ್ಚಾದರೆ ತಾನೇ ಬಿಟ್ಟುಕೊಳ್ಳುವಂಥದ್ದು. ಅದರಿಂದ ಎರಡು ತೆಳು ತಂತಿ ಕೆಳಗಿಳಿದು ಇಪ್ಪತ್ತೊಂದು, ಇಪ್ಪತ್ತೆರಡು ನಂಬರಿನ ತಿರುಪುಗಳಿಗೆ ಸೇರುತ್ತವೆ. ನಾನು ಇದನ್ನು ಅರ್ಥ ಮಾಡಿಕೊಂಡಿದ್ದು ಹಸುವಿನ ಗಂಟೆಯ ಲೆಕ್ಕದಲ್ಲಿ. ಚಿಕ್ಕವಳಿದ್ದಾಗ ಗುಬ್ಬಿ ಕಡೆ ನಮ್ಮೂರಲ್ಲಿ ಹಸು ಮೇಯಲು ಬಿಟ್ಟು ಹುಣಸೆ ಮರದ ಕೆಳಗೆ ಕೂರುತ್ತಿದ್ದೆ. ಕೊರಳ ಗಂಟೆ ಕೇಳುತ್ತಿರುವ ತನಕ ಚಿಂತೆಯಿಲ್ಲ. ಸದ್ದು ನಿಂತರೆ ಏಳಲೇಬೇಕು. ಹಸು ಎಲ್ಲೋ ಹೋಯಿತೋ, ಗಂಟೆಯೇ ಕಳಚಿ ಬಿತ್ತೋ, ಯಾವುದಾದರೂ ಸರಿ, ಎದ್ದು ನೋಡಬೇಕು. ಆ ಎರಡು ತಂತಿಯಲ್ಲಿ "ಸರಿಯಿದೆ, ಸರಿಯಿದೆ" ಎಂಬ ಸದ್ದು ಹರಿಯುತ್ತಲೇ ಇರುತ್ತದೆ. ಡಬ್ಬಿ ಕಾದು ಸ್ವಿಚ್ಚು ಬಿಟ್ಟರೂ ಮಿಷನ್ನು ನಿಲ್ಲುತ್ತದೆ, ಇಲಿ ತಂತಿ ಕಡಿದರೂ ನಿಲ್ಲುತ್ತದೆ.

ಈ ತೆಳು ತಂತಿಗಳನ್ನು ಮೋಟಾರಿನ ದಪ್ಪ ತಂತಿಯ ಜೊತೆ ಒಂದೇ ದಾರಿಯಲ್ಲಿ ಎಳೆಯುವ ಹಾಗಿಲ್ಲ. ದಪ್ಪದ್ದರ ಗಲಾಟೆ ತೆಳುವಿನ ಕಿವಿಗೆ ಬಿದ್ದು ಅದು ಯಾರೂ ಆಡದ ಮಾತು ಕೇಳಿಸಿಕೊಳ್ಳುತ್ತದೆ. ಅತ್ತೆ ಸೊಸೆಗೆ ಬೇರೆ ಬೇರೆ ಒಲೆ ಹೂಡಿದ ಹಾಗೆ, ಅತ್ತ ಅದು, ಇತ್ತ ಇದು.

ಶೆಡ್ಡಿನಲ್ಲಿ ಪ್ಯಾನೆಲ್ಲನ್ನು ಪರೀಕ್ಷೆ ಮಾಡುವಾಗ ಬ್ರೇಕ್ ಡಬ್ಬಿ ಕೂರಿಸಿರುವುದಿಲ್ಲ, ಅದು ಗಿರಾಕಿಯ ಜಾಗದಲ್ಲಿ ಕೂರುವಂಥದ್ದು. ಡಬ್ಬಿ ಇಲ್ಲದೆ ಸದ್ದು ಹರಿಯುವುದಿಲ್ಲ, ಮಿಷನ್ನು ಏಳುವುದಿಲ್ಲ. ಅದಕ್ಕೆ ಇಪ್ಪತ್ತೊಂದಕ್ಕೂ ಇಪ್ಪತ್ತೆರಡಕ್ಕೂ ಗೇಣುದ್ದದ ಒಂದು ತುಂಡು ತಂತಿ ಕಟ್ಟಿ ಪರೀಕ್ಷೆ ಮಾಡುತ್ತಿದ್ದೆವು. ಅಲ್ಲಿ ಹೋದ ಮೇಲೆ ಆ ತುಂಡು ತೆಗೆದು ಡಬ್ಬಿಯ ತಂತಿ ಹಾಕಬೇಕು. ನಮ್ಮಲ್ಲಿ ತೆಳು ತಂತಿ ಎಲ್ಲವೂ ಬೂದು ಬಣ್ಣ. ನೂರಾರು ಬೂದು ತಂತಿಯ ನಡುವೆ ಆ ತುಂಡು ನನ್ನ ಕಣ್ಣಿಗೆ ಸಿಗುತ್ತಿರಲಿಲ್ಲ. ಒಂದು ಶುಕ್ರವಾರ ಪೂಜೆ ಮುಗಿದ ಮೇಲೆ ಉಳಿದಿದ್ದ ಅರಿಶಿನ ದಾರವನ್ನು ಅದಕ್ಕೆ ಸುತ್ತಿ ಗಂಟು ಹಾಕಿದೆ. ಹಳದಿ ಎದ್ದು ಕಂಡಿತು. ಅವತ್ತಿನಿಂದ ಪ್ರತಿ ಪ್ಯಾನೆಲ್ಲಿಗೂ ಹಾಗೇ ಮಾಡಿದೆ. ಹಳದಿ ದಾರ ಕಂಡರೆ ತೆಗಿ ಎಂದು ನಮ್ಮ ಫಿಟ್ಟರಿಗೆ ಗೊತ್ತು. ಅವನು ನನ್ನ ಮಗನ ವಾರಿಗೆಯವನು, ಗಿರಾಕಿಗಳ ಜಾಗಕ್ಕೆ ಹೋಗಿ ಜೋಡಿಸಿ ಬರುವವನು ಅವನೇ. ಎಲ್ಲೂ ಬರೆದಿಟ್ಟಿರಲಿಲ್ಲ. ಬರೆಯುವುದು ನನಗೆ ಬೇಜಾರು. ಅವನಿಗೆ ಗೊತ್ತಿದ್ದರೆ ಸಾಕಲ್ಲ ಎಂದುಕೊಂಡಿದ್ದೆ.

ಕುಣಿಗಲ್ ರಸ್ತೆಯಲ್ಲಿ ಜೀನ್ಸ್ ಪ್ಯಾಂಟು ತೊಳೆಯುವ ಒಂದು ಫ್ಯಾಕ್ಟರಿಗೆ ನಮ್ಮಲ್ಲಿಂದ ಪ್ಯಾನೆಲ್ ಹೋಯಿತು, ನೀರು ಹಿಂಡುವ ಮಿಷನ್ನಿಗೆ. ಬಾವಿಯ ಸಿಮೆಂಟು ಬಳೆಯಷ್ಟು ಅಗಲದ ಡ್ರಮ್ಮು, ಒಳಗೆ ಒದ್ದೆ ಪ್ಯಾಂಟು, ಗಿರ್ರನೆ ತಿರುಗಿ ನೀರು ಚಿಮ್ಮಿಸುತ್ತದೆ. ಬ್ರೇಕು ಹಿಡಿದು ಬೇಗ ನಿಂತರೆ ತಾನೇ ಮುಂದಿನ ಗುಡ್ಡೆ ಹಾಕುವುದು? ಪ್ಯಾನೆಲ್ ಹೋದ ವಾರ ನಮ್ಮ ಫಿಟ್ಟರನ ಮಾವನ ತಿಥಿ ಇತ್ತು, ಅವನು ಗುಬ್ಬಿಯಲ್ಲಿದ್ದ. ನಮ್ಮ ಎಲೆಕ್ಟ್ರಿಷಿಯನ್ನೇ ಜೋಡಿಸುತ್ತಾನೆ ಎಂದರಂತೆ ಫ್ಯಾಕ್ಟರಿಯವರು. ಇವನು ಫೋನಿನಲ್ಲಿ ಎಲ್ಲ ಹೇಳಿದ, ಡಬ್ಬಿಯ ಎರಡು ತಂತಿ ಇಪ್ಪತ್ತೊಂದು ಇಪ್ಪತ್ತೆರಡಕ್ಕೆ ಎಂದೂ ಹೇಳಿದ. ಹಳದಿ ದಾರದ ತುಂಡು ತೆಗೆಯಿರಿ ಎನ್ನಲಿಲ್ಲ. ಅವನಿಗೆ ಅದು ಹೇಳುವ ಮಾತೇ ಅಲ್ಲ. ಊಟಕ್ಕೆ ಕೂತವರಿಗೆ ಬಾಯಿ ತೆಗೆಯಿರಿ ಎಂದು ಯಾರು ಹೇಳುತ್ತಾರೆ?

ಮಿಷನ್ನು ನಾಲ್ಕು ತಿಂಗಳು ಚೆನ್ನಾಗಿ ಓಡಿತು. ಆಮೇಲೆ ಒಂದು ದಿನ ಫೋನು ಬಂತು. ಬ್ರೇಕ್ ಡಬ್ಬಿ ಸುಟ್ಟಿದೆ, ಪ್ಯಾಂಟುಗಳಿಂದ ಉದುರಿ ಅದರ ಮೇಲೆ ಕೂತಿದ್ದ ಹತ್ತಿಯ ನವಿರಿಗೆ ಬೆಂಕಿ ಹತ್ತಿದೆ, ಮೇಲಿನ ತಂತಿಗಳು ಕರಗಿವೆ, ಬನ್ನಿ ಎಂದು.

"ಅಜ್ಜಿ, ನೀನೂ ಬಾ," ಎಂದ ಫಿಟ್ಟರು. "ಮೇಲಿನ ತಂತಿ ಎಲ್ಲ ಹೊಸದಾಗಿ ಹಾಕ್ಬೇಕು. ನನ್ನ ಬೆರಳಲ್ಲಿ ಸಂಜೆ ಆದ್ರೂ ಆಗಲ್ಲ."

"ನಿನ್ನ ಬೆರಳು ಬಾಳೆಕಾಯಿ ಕಣೋ," ಎಂದು ನಾನೂ ಇಕ್ಕಳ ತೆಗೆದುಕೊಂಡು ವ್ಯಾನು ಹತ್ತಿದೆ.

ಅಲ್ಲಿ ಮಿಷನ್ನಿನ ಪಕ್ಕ ಒಬ್ಬಳು ನಿಂತಿದ್ದಳು. ಮೂವತ್ತರ ಆಸುಪಾಸು, ಸೀರೆಯ ಮೇಲೆ ಗಂಡಸರ ಶರಟು ತೊಟ್ಟಿದ್ದಳು. ಆ ಮಿಷನ್ನು ಓಡಿಸುವವಳು ಅವಳೇ. ಮ್ಯಾನೇಜರ್ ನಮ್ಮನ್ನು ಕಂಡವನೇ ಅವಳ ಕಡೆ ಕೈ ತೋರಿಸಿದ.

"ನಿಮ್ಮ ಪ್ಯಾನೆಲ್ಲಿಗೆ ನಾನೇನೂ ಅಂತಿಲ್ಲ. ಇವ್ಳು ಮಾಡಿದ ಘನಕಾರ್ಯ ಇದು. ಡ್ರಮ್ಮಿಗೆ ಸಿಕ್ಕಾಪಟ್ಟೆ ತುರುಕೋದು, ನಿಲ್ಸೋದು, ಓಡ್ಸೋದು, ನಿಲ್ಸೋದು, ಓಡ್ಸೋದು. ನಾಳೆಯಿಂದ ಪ್ಯಾಂಟಿನ ದಾರ ಕತ್ತರಿಸೋ ಕಡೆ ಕೂರ್ಲಿ."

"ತುರುಕಿಲ್ಲ ಸಾರ್," ಎಂದಳು ಅವಳು. "ಬೇಗ ಬೇಗ ಅಂದಿದ್ದು ನೀವೇ."

"ಬಾಯಿ ಬೇರೆ."

ಅವನು ಹೋದ ಮೇಲೆ ಕೇಳಿದೆ, ಬೆಂಕಿ ಕಂಡಾಗ ಏನು ಮಾಡಿದೆ ಎಂದು. ವಾಸನೆ ಬಂದ ತಕ್ಷಣ ಕೆಂಪು ಬಟನ್ ಒತ್ತಿದಳಂತೆ, ಓಡಿಹೋಗಿ ಮೇನ್ ಇಳಿಸಿದಳಂತೆ. ಯಾರೋ ಬಕೆಟ್ಟಿನಲ್ಲಿ ನೀರು ತಂದರಂತೆ. "ಕರೆಂಟ್ ಪೆಟ್ಟಿಗೆ ಮೇಲೆ ನೀರು ಹುಯ್ತೀಯೇನ್ಲಾ, ಸಾಯ್ಬೇಕಾ ಅಂತ ಬೈದು ಬಕೆಟ್ ಕಿತ್ಕಂಡೆ ಅಜ್ಜಿ. ಗೋಡೆ ಮೇಲಿನ ಕೆಂಪು ಸಿಲಿಂಡರ್ ತಗಂಡು ಹೊಡ್ದೆ. ಡ್ರಮ್ಮು ತನ್ನಷ್ಟಕ್ಕೆ ನಿಲ್ಲೋವರ್ಗೂ ಯಾರ್ನೂ ಹತ್ರಕ್ಕೆ ಬಿಡ್ಲಿಲ್ಲ." ಇಷ್ಟು ಮಾಡಿದವಳನ್ನು ಹೊಗಳಬೇಕಾಗಿತ್ತು.

ಫಿಟ್ಟರು ಮೇನ್ ಇಳಿಸಿ ಬೀಗ ಹಾಕಿ ಬೀಗದ ಕೈ ಜೇಬಿಗೆ ಹಾಕಿಕೊಂಡ. ಆಮೇಲೆ ಹತ್ತು ನಿಮಿಷ ಕಾದೆವು. ಒಲೆ ಆರಿಸಿದರೂ ಬೂದಿಯೊಳಗೆ ಕೆಂಡ ಇರುತ್ತದಲ್ಲ, ಹಾಗೆ ಮೇನ್ ಇಳಿಸಿದರೂ ಡ್ರೈವಿನ ಹೊಟ್ಟೆಯಲ್ಲಿ ಜೀವ ತೆಗೆಯುವಷ್ಟು ಕರೆಂಟು ಉಳಿದಿರುತ್ತದೆ. ಅವನು ಮೀಟರ್ ಹಿಡಿದು ನೋಡಿ ಸರಿ ಎಂದ ಮೇಲೆಯೇ ನಾನು ಕನ್ನಡಕ ಹಾಕಿಕೊಂಡು ಒಳಗೆ ಬಗ್ಗಿದೆ.

ಬಗ್ಗಿದವಳು ಹಾಗೇ ನಿಂತೆ. ಇಪ್ಪತ್ತೊಂದು, ಇಪ್ಪತ್ತೆರಡರಲ್ಲಿ ನನ್ನ ತುಂಡು ತಂತಿ ಇತ್ತು. ದಾರ ನವಿರು ಮೆತ್ತಿ ಕಂದಾಗಿತ್ತು. ಗಂಟಿನ ಮೇಲೆ ಕುಂಕುಮ. ಒಂದು ಒಣಗಿದ ಸೇವಂತಿಗೆ ಎಸಳನ್ನು ಸಿಕ್ಕಿಸಿದ್ದರು. ಡಬ್ಬಿಯಿಂದ ಬಂದ ಎರಡು ತಂತಿಯನ್ನು ಅದೇ ತಿರುಪುಗಳಲ್ಲಿ ಅದರ ಪಕ್ಕದಲ್ಲೇ ಬಿಗಿದಿದ್ದರು, ದಾರ ಒಂದಿಷ್ಟೂ ಕದಲದ ಹಾಗೆ, ಭಕ್ತಿಯಿಂದ.

ಡಬ್ಬಿ ಎಷ್ಟೇ ಕಾದರೂ, ಸ್ವಿಚ್ಚು ಬಿಟ್ಟುಕೊಂಡರೂ, ನನ್ನ ತುಂಡು ತಂತಿ ನಾಲ್ಕು ತಿಂಗಳಿನಿಂದ ಸರಿಯಿದೆ, ಸರಿಯಿದೆ ಎಂದು ಸುಳ್ಳು ಹೇಳುತ್ತಲೇ ಇತ್ತು.

ಫಿಟ್ಟರೂ ನೋಡಿದ. ನನ್ನ ಕಿವಿಯ ಹತ್ತಿರ ಬಂದು, "ಸುಮ್ಕಿರಜ್ಜಿ. ಬಿಚ್ಚಿ ಜೇಬಿಗೆ ಹಾಕ್ಕಂತೀನಿ. ಯಾರೂ ನೋಡಿಲ್ಲ. ಓನರ್ ಹೆಸ್ರು ಹಾಳಾಗ್ತದೆ" ಎಂದ. ಬಿಚ್ಚಿದ. ಜೇಬಿಗೆ ಹಾಕಿಕೊಂಡ.

ನಾನು ಸುಮ್ಮನಿದ್ದೆ. ಇದನ್ನು ಬಿಟ್ಟು ಮಿಕ್ಕಿದ್ದನ್ನು ಹೇಳುವ ಹಾಗಿದ್ದರೆ ಹೇಳದಿರುವುದೇ ಮೇಲು. ಸುಮ್ಮನಿದ್ದು ಒಂದು ಗಂಟೆ ಹೊತ್ತು ತಂತಿ ಸುಲಿದೆ.

ಅವಳು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ನಂಬರಿನ ಉಂಗುರ ಎತ್ತಿ ಕೊಡುತ್ತಿದ್ದಳು. ಕೇಳದೆಯೇ ಸಾಲಾಗಿ ಜೋಡಿಸಿಕೊಂಡಿದ್ದಳು.

"ಯಾವೂರವ್ವ ನಿಂದು?"

"ಗುಬ್ಬಿ ಕಡೆ ಅಜ್ಜಿ. ಕೊಟ್ಟಿರೋದು ಇಲ್ಲಿಗೆ."

"ನಂದೂ ಅದೇ ಕಡೆ. ಎಷ್ಟು ಓದಿದೀಯ?"

"ಏಳು."

"ನನಗಿಂತ ಮೂರು ಜಾಸ್ತಿ ಬುಡು."

ನಕ್ಕಳು. ಮಿಷನ್ನು ಹೇಗೆ ಕಲಿತೆ ಎಂದೆ. ಮೊದಲಿದ್ದ ಗಂಡಸು ಬಿಟ್ಟುಹೋದನಂತೆ, ಬೇರೆಯವರು ಸಿಗುವ ತನಕ ಎಂದು ಇವಳನ್ನು ನಿಲ್ಲಿಸಿದರಂತೆ. ಬೇರೆಯವರು ಸಿಗುವ ಹೊತ್ತಿಗೆ ಇವಳಷ್ಟು ಚೆನ್ನಾಗಿ ಓಡಿಸುವವರು ಇರಲಿಲ್ಲ. ಆ ಫ್ಯಾಕ್ಟರಿಯಲ್ಲಿ ಮಿಷನ್ನು ಮುಟ್ಟುವ ಹೆಂಗಸು ಇವಳೊಬ್ಬಳೇ.

"ದಾರ ಕತ್ತರಿಸೋಕೆ ಕೂತ್ರೆ ಬೆನ್ನು ನೋಯ್ತದೆ, ಅದೇನ್ ಬುಡಜ್ಜಿ, ನೋಯ್ಲಿ," ಎಂದಳು. "ಆದ್ರೆ ಇನ್ಮೇಲೆ ಮಿಷನ್ ಸುಟ್ಟೋಳು ಅಂತಾರೆ. ಇನ್ಯಾವ ಹೆಂಗಸ್ನೂ ಹತ್ರ ಸೇರ್ಸಲ್ಲ."

ನನ್ನ ಇಕ್ಕಳ ಜಾರಿ ಬೆರಳಿಗೆ ಕಚ್ಚಿತು.

ಮ್ಯಾನೇಜರ್ ಒಂದು ಕಾಗದ ತಂದ. ಹೆಚ್ಚು ಭಾರ ಹಾಕಿ ಮಿಷನ್ನು ಕೆಡಿಸಿದ್ದು ತನ್ನ ತಪ್ಪು ಎಂದು ಅವಳು ಒಪ್ಪಿಕೊಂಡ ಹಾಗೆ ಅದರಲ್ಲಿ ಬರೆದಿತ್ತಂತೆ. ಅವಳು ಓದಿದಳು. ಪೆನ್ನು ಇಸಿದುಕೊಂಡಳು. ಕೈ ಶರಟಿಗೆ ಒರೆಸಿಕೊಂಡಳು.

"ಆ ಕಾಗದ ಇತ್ಲಾಗೆ ಕೊಡಿ ಸಾಮಿ," ಎಂದೆ.

"ಯಾಕಮ್ಮ?"

"ಸುಟ್ಟಿದ್ದು ಅವಳಲ್ಲ. ನಾನು."

ಫಿಟ್ಟರು ಕೆಮ್ಮಿದ. "ಲೋ, ಜೇಬಲ್ಲಿರೋದು ತೆಗಿ" ಎಂದೆ. ತೆಗೆಯಲಿಲ್ಲ. ನಾನೇ ಅವನ ಜೇಬಿಗೆ ಕೈ ಹಾಕಿ ತೆಗೆದೆ. ಮೊಮ್ಮಕ್ಕಳ ಜೇಬು ತಡಕಿ ಅಭ್ಯಾಸವಿದೆ.

ಮ್ಯಾನೇಜರ್ ದಾರವನ್ನು ತಿರುಗಿಸಿ ತಿರುಗಿಸಿ ನೋಡಿದ. "ಏನಮ್ಮ, ಪೂಜೆ ದಾರದಿಂದ ಬೆಂಕಿ ಬೀಳ್ತದಾ?"

"ದಾರದಿಂದಲ್ಲ, ದಾರ ಸುತ್ತಿರೋ ತಂತಿಯಿಂದ." ಹಸುವಿನ ಗಂಟೆಯ ಕತೆ ಹೇಳಿದೆ. "ಹಸು ಬಾವಿಗೆ ಬಿದ್ರೂ ಕೇಳ್ತಾ ಇರ್ಲಿ ಅಂತ ಇನ್ನೊಂದು ಗಂಟೆ ಕೈಯಲ್ಲಿ ಹಿಡ್ಕಂಡು ಅಲ್ಲಾಡಿಸ್ತಾ ಕೂತಂಗೆ ಇದು."

ಅವರ ಎಲೆಕ್ಟ್ರಿಷಿಯನ್ನನ್ನು ಕರೆಸಿದರು. ಹಣೆ ತುಂಬ ವಿಭೂತಿ ಇಟ್ಟ, ಮೆತ್ತಗಿನ ಮನುಷ್ಯ. ದಾರ ನೋಡಿದವನೇ ಕಣ್ಣಿಗೊತ್ತಿಕೊಂಡ. "ಅಯ್ಯೋ, ಬಿಚ್ಚಿಬಿಟ್ರಾ? ದೇವರಾಯನದುರ್ಗದಲ್ಲಿ ಪೂಜೆ ಮಾಡ್ಸಿ ಕಟ್ಟವ್ರೆ ಅಂದ್ಕಂಡಿದ್ದೆ. ಕಂಕಣ ಬಿಚ್ಚಬಾರ್ದಲ್ವ? ಶುಕ್ರವಾರ ಶುಕ್ರವಾರ ಕುಂಕುಮ ಇಡ್ತಿದ್ದೆ." ವಿಷಯ ತಿಳಿದ ಮೇಲೆ ಅದನ್ನು ನನ್ನ ಕೈಗೇ ವಾಪಸು ಕೊಟ್ಟ. ಅರಿಶಿನ ದಾರ ಕಂಡರೆ ಕೈ ಮುಗಿಯಬೇಕೆಂದು ಅವನಿಗೆ ಕಲಿಸಿದವರು ನನ್ನಂಥ ಮುದುಕಿಯರೇ.

ಮ್ಯಾನೇಜರಿಗೆ ಇನ್ನೂ ನಂಬಿಕೆ ಬರಲಿಲ್ಲ. "ತೋರ್ಸಿ" ಎಂದ.

ಹೊಸ ಡಬ್ಬಿ ಕೂರಿಸಿ, ತಂತಿಯೆಲ್ಲ ಹಾಕಿ ಮುಗಿಸಿದ ಮೇಲೆ ತೋರಿಸಿದೆವು. ಮೊದಲು ನನ್ನ ತುಂಡನ್ನು ಮತ್ತೆ ಕಟ್ಟಿ, ಡಬ್ಬಿಯ ತಂತಿ ಕಳಚಿ ಇಟ್ಟು ಫಿಟ್ಟರು ಮೇನ್ ಹಾಕಿದ. ಬಾಗಿಲ ಮೇಲಿನ ಹಸಿರು ದೀಪ ಹತ್ತಿತು. ಗಂಟೆ ಕಿತ್ತಿಟ್ಟರೂ ಮಿಷನ್ನು ಓಡಲು ತಯಾರು. ಮೇನ್ ಇಳಿಸಿ ಬೀಗ ಹಾಕಿ ಕೂತೆವು.

"ಈಗೇನು?" ಎಂದ ಮ್ಯಾನೇಜರ್.

"ಹತ್ತು ನಿಮಿಷ."

ಫಿಟ್ಟರು ತುಂಡು ತೆಗೆದ. ಮೇನ್ ಹಾಕಿದ. ಹಸಿರು ದೀಪ ಹತ್ತಲಿಲ್ಲ. ಮತ್ತೆ ಇಳಿಸಿದ.

"ಮತ್ತೆ ಹತ್ತು ನಿಮಿಷನಾ?"

"ಮತ್ತೆ ಹತ್ತು ನಿಮಿಷ. ಅವಸರ ಇದ್ರೆ ನೀವೇ ಕೈ ಹಾಕಿ."

ಅವನು ಕೈ ಕಟ್ಟಿಕೊಂಡು ನಿಂತ. ಮೂರನೇ ಸಲ ಡಬ್ಬಿಯ ತಂತಿಯನ್ನು ಅದರ ಜಾಗಕ್ಕೆ ಬಿಗಿದು ಮೇನ್ ಹಾಕಿದಾಗ ದೀಪ ಹತ್ತಿತು. ಅವಳು ಪೆನ್ನನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡಿದ್ದಳು.

"ಆದ್ರೂ ಇವ್ಳು ಜಾಸ್ತಿ ಸಲ ನಿಲ್ಸಿ ಓಡ್ಸಿದಾಳಲ್ಲ?" ಎಂದ ಮ್ಯಾನೇಜರ್.

"ನೀವು ಓಡ್ಸು ಅಂದ್ರಿ, ಓಡ್ಸಿದಾಳೆ. ತಂತಿ ಸರಿಯಾಗಿದ್ದಿದ್ರೆ ಡಬ್ಬಿ ಕಾದ ಕೂಡ್ಲೆ ಮಿಷನ್ನೇ ನಿಂತು ಸಾಕು ಅಂತಿತ್ತು. ಆಗ ಮಿಷನ್ನಿಗೆ ಬೈತಿದ್ರಿ. ಬೈಸ್ಕಂಡ್ರೆ ಅದಕ್ಕೇನು ನೋವಾ?"

ಅವನು ಕಾಗದ ಮಡಚಿ ಅಂಗಿ ಜೇಬಿಗೆ ಇಟ್ಟುಕೊಂಡ. ಹರಿಯಲಿಲ್ಲ, ಅಷ್ಟು ದೊಡ್ಡ ಮನಸ್ಸು ಅವನದಲ್ಲ. "ಪೆನ್ ಕೊಡು" ಎಂದು ಅವಳಿಂದ ಇಸಿದುಕೊಂಡ. ಆಮೇಲೆ, "ನಿಂತ್ಕಂಡೇನ್ ನೋಡ್ತೀಯ, ಪ್ಯಾಂಟ್ ಹಾಕು" ಎಂದ. ಅಷ್ಟೇ. ಅವಳು ಡ್ರಮ್ಮಿನ ಕಡೆ ನಡೆದಳು.

ಓನರು ನನಗೆ ಬೈಯಲಿಲ್ಲ. "ಮೊದ್ಲು ನನಗೊಂದು ಫೋನ್ ಮಾಡ್ಬಾರ್ದಿತ್ತಾ ಅಮ್ಮ?" ಎಂದು ಮುಖ ಸಣ್ಣದು ಮಾಡಿಕೊಂಡರು. ಮಾಡಬಹುದಿತ್ತು. ಮಾಡಿದ್ದರೆ ಸುಮ್ಮನಿರಿ ಎನ್ನುತ್ತಿದ್ದರು, ಅನ್ನ ಹಾಕಿದವರ ಮಾತು ಮೀರಲು ನನಗೂ ಕಷ್ಟ. ಅದಕ್ಕೇ ಮಾಡಲಿಲ್ಲ. ಹಾಗೆಂದು ಅವರಿಗೆ ಹೇಳಿಯೂ ಬಿಟ್ಟೆ.

ಮೊದಲು ಹೋಗಿದ್ದ ಪ್ಯಾನೆಲ್ಲುಗಳ ಕಡೆಗೆಲ್ಲ ಫಿಟ್ಟರು ಫೋನು ಮಾಡಿ, ಹಳದಿ ದಾರ ಇದೆಯಾ ನೋಡಿ ಎಂದು ಕೇಳಿದ. ಗುಬ್ಬಿಯ ಒಂದು ತೆಂಗಿನ ಪುಡಿ ಫ್ಯಾಕ್ಟರಿಯಲ್ಲಿ ಇನ್ನೊಂದು ಇತ್ತು, ಅಲ್ಲೂ ಅವರ ಕಡೆಯವರೇ ಜೋಡಿಸಿಕೊಂಡಿದ್ದರು. ಅಲ್ಲಿ ಅದರ ಮುಂದೆ ಊದಿನಕಡ್ಡಿ ಹಚ್ಚುತ್ತಿದ್ದರಂತೆ. ಊದಿನಕಡ್ಡಿ ಹೊಸೆದವಳೂ ನಾನು, ದಾರ ಕಟ್ಟಿದವಳೂ ನಾನು. ಫಿಟ್ಟರು ಅವತ್ತೇ ಹೋಗಿ ತೆಗೆದು ಬಂದ.

ಇನ್ನು ಮುಂದೆ ಆ ತುಂಡಿಗೆ ಏನು ಗುರುತು ಕಟ್ಟುವುದು ಎಂದು ಮಾತಾಯಿತು.

"ಹಳೇ ಚಪ್ಪಲಿ ತುಂಡು ಕಟ್ಟಣ," ಎಂದೆ. "ಅದಕ್ಕೆ ಯಾರು ಕುಂಕುಮ ಇಡ್ತಾರೆ?"

"ದೃಷ್ಟಿಗೆ ಕಟ್ಟವ್ರೆ ಅಂತ ಅದನ್ನೂ ಬುಡ್ತಾರೆ ಅಜ್ಜಿ. ಲಾರಿ ಹಿಂದ್ಗಡೆ ನೋಡಿಲ್ವಾ?"

ಅದೂ ನಿಜ. ಕೆಂಪು ಬಟ್ಟೆ ಎಂದರೆ ಅದೂ ದೇವರದು. ಕಪ್ಪು ದಾರ ಎಂದರೆ ದೆವ್ವದ್ದು. ನಮ್ಮ ಜನ ಪೂಜೆ ಮಾಡದ ವಸ್ತು ಹುಡುಕಿ ಸಾಕಾಯಿತು. ಕೊನೆಗೆ ಗುರುತೇ ಬೇಡ ಎಂದೆ. ತುಂಡನ್ನು ಮೊಳ ಉದ್ದ ಮಾಡಿ, ನಡುವೆ ಹೆಂಚಿನ ಸೂರಿಗೆ ಹೊಡೆಯುವ ರಿಪೀಸಿನ ಒಂದು ದಪ್ಪ ಮರದ ತುಂಡು ಕಟ್ಟಿ, ಅದು ಪೆಟ್ಟಿಗೆಯ ಬಾಗಿಲ ಸಂದಿಗೆ ಬರುವ ಹಾಗೆ ಇಳಿಬಿಟ್ಟೆ. ಅದನ್ನು ತೆಗೆಯದೆ ಬಾಗಿಲು ಹಾಕಲು ಬರುವುದಿಲ್ಲ. ಕೈ ಮುಗಿಯುವವರು ಮುಗಿಯಲಿ, ಬಾಗಿಲು ಮಾತ್ರ ಮುಚ್ಚುವುದಿಲ್ಲ. ಓನರ ಹೆಂಡತಿ ಅದರ ಮೇಲೆ ಕನ್ನಡದಲ್ಲಿ ದೊಡ್ಡದಾಗಿ "ತೆಗೆಯಿರಿ" ಎಂದೂ ಬರೆದಳು. ನನಗೂ ಓದಲು ಬರುವಂತೆ.

ಒಂದೆರಡು ತಿಂಗಳು ಕಳೆದ ಮೇಲೆ ನೀರು ಹಿಂಡುವ ಮಿಷನ್ನಿನ ಆ ಹುಡುಗಿಯ ಫೋನು ಬಂತು. ಹಿಂದೆ ಮ್ಯಾನೇಜರ್ ಕೂಗಾಡುವುದು ಕೇಳುತ್ತಿತ್ತು.

"ಅಜ್ಜಿ, ಮಿಷನ್ ತಾನೇ ನಿಂತೋಯ್ತು! ಡಬ್ಬಿ ಹತ್ರ ಕೈ ಹಿಡ್ದ್ರೆ ಕಾವು ಬರ್ತದೆ. ಸಾರು ಬೈತಾವ್ರೆ, ಆರ್ಡರ್ ಲೇಟಾಯ್ತು ಅಂತ."

"ಯಾರಿಗೆ ಬೈತಾವ್ನೆ? ನಿನಗಾ?"

"ಇಲ್ಲ ಅಜ್ಜಿ. ಮಿಷನ್ನಿಗೆ."

"ಬೈಲಿ ಬುಡು. ಮೇನ್ ಇಳ್ಸಿ ಬೀಗ ಹಾಕು, ಕಾಯಿ. ತಣ್ಣಗಾದ್ಮೇಲೆ ಮೇಲಿನ ನವಿರು ಗುಡ್ಸು, ಆಮೇಲೆ ಓಡ್ಸು."

"ಬೀಗ ಹಾಕಾಯ್ತು ಅಜ್ಜಿ," ಎಂದಳು. "ಬೀಗದ ಕೈ ನನ್ನ ಸೊಂಟದಲ್ಲೇ ಐತೆ."